ಬಳ್ಳಾರಿ ಬಿಸಿಲಲ್ಲಿ ಒಂದು ಡಿಎಕ್ಸ್7

ಬಳ್ಳಾರಿಯ ಏಪ್ರಿಲ್ ಬಗ್ಗೆ ಹೊಸದಾಗಿ ಹೇಳೋದು ಏನೂ ಇಲ್ಲ. ಹೊರಗೆ 40 ಡಿಗ್ರಿ ದಾಟಿರುತ್ತದೆ. ಹಗಲೆಲ್ಲ ಕಾದ ಆರ್‌ಸಿಸಿ ಛಾವಣಿ ರಾತ್ರಿ ಹತ್ತಾದರೂ ಕೆಳಗಿನ ರೂಮಿಗೆ ಬಿಸಿ ಇಳಿಸುತ್ತಲೇ ಇರುತ್ತದೆ. ಅಂಥ ಒಂದು ರೂಮೇ ನನ್ನ ಸ್ಟುಡಿಯೊ. ಅದರಲ್ಲಿ ಯಮಹಾ ಕಂಪನಿಯ ಡಿಎಕ್ಸ್7 ಅನ್ನುವ ಹಳೆಯ ಸಿಂಥಸೈಜರ್, ಅಂದರೆ ಕರೆಂಟಿನಿಂದ ನಾದ ಹುಟ್ಟಿಸುವ ಕೀಬೋರ್ಡ್ ವಾದ್ಯ ಇದೆ. ಈ ಮಾದರಿ ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ಅದನ್ನು ನೋಡಿದ ಹಾರ್ಮೋನಿಯಂ ಮಾಸ್ತರರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: 'ಈ ಶೆಕಿಗೆ ಇದು ಶ್ರುತಿ ಬಿಡಂಗಿಲ್ಲೇನ್ರಿ?'

ಬಿಡುವುದಿಲ್ಲ. 1970ರ ದಶಕದ ಅನಲಾಗ್ ಸಿಂಥಸೈಜರ್ ಆಗಿದ್ದರೆ ಖಂಡಿತ ಬಿಡುತ್ತಿತ್ತು. ಅದರಲ್ಲಿ ಸ್ವರದ ಎತ್ತರವನ್ನು ತೀರ್ಮಾನಿಸುವುದು ವೋಲ್ಟೇಜ್. ಟ್ರಾನ್ಸಿಸ್ಟರ್ ಬಿಸಿಯಾದರೆ ಅದರ ನಡತೆ ಬದಲಾಗುತ್ತದೆ, ಸ್ವರ ಜಾರುತ್ತದೆ. ಅದಕ್ಕೇ ಆ ಕಾಲದವರು ಕಾರ್ಯಕ್ರಮಕ್ಕೆ ಬಹಳ ಮೊದಲೇ ಯಂತ್ರ ಆನ್ ಮಾಡಿಟ್ಟು, ಅದು ಒಂದು ಹದಕ್ಕೆ ಬಂದ ಮೇಲೆ ಶ್ರುತಿ ಮಾಡಿಕೊಳ್ಳುತ್ತಿದ್ದರು. ಡಿಎಕ್ಸ್7 ಡಿಜಿಟಲ್. ಅದರಲ್ಲಿ ಸ್ವರ ಅಂದರೆ ಒಂದು ಲೆಕ್ಕ, ಲೆಕ್ಕಕ್ಕೆ ಲಯ ಕೊಡುವುದು ಒಂದು ಕ್ವಾರ್ಟ್ಜ್ ಹರಳು. ನಮ್ಮ ಡಿಸೆಂಬರಿಗೂ ಏಪ್ರಿಲಿಗೂ ಸಾಮಾನ್ಯ ಹರಳಿನಲ್ಲಿ ಆಗುವ ವ್ಯತ್ಯಾಸ ಹೆಚ್ಚೆಂದರೆ ಲಕ್ಷಕ್ಕೆ ನಾಲ್ಕೈದು ಭಾಗ. ಷಡ್ಜದಿಂದ ಕೋಮಲ ರಿಷಭದವರೆಗಿನ ಅಂತರವನ್ನು ನೂರು ಪಾಲು ಮಾಡಿ, ಒಂದು ಪಾಲಿಗೆ ಸೆಂಟ್ ಅನ್ನುತ್ತಾರೆ. ಹರಳಿನ ಈ ವ್ಯತ್ಯಾಸ ಒಂದು ಸೆಂಟಿನ ಹತ್ತನೇ ಒಂದು ಪಾಲೂ ಆಗುವುದಿಲ್ಲ. ಎಂಥ ಪಂಡಿತರ ಕಿವಿಗೂ ಅದು ಸಿಗದು.

ಹಾಗಂತ ಡಿಜಿಟಲ್ ಯಂತ್ರಕ್ಕೆ ವಯಸ್ಸೇ ಆಗಲ್ಲ ಅಂದುಕೊಂಡರೆ ಕೆಟ್ಟಿತು. ಲೆಕ್ಕ ಮೊದಲಿದ್ದ ಹಾಗೇ ಇರುತ್ತದೆ. ಅದನ್ನು ಮಾಡುವ ಪೆಟ್ಟಿಗೆ ಸವೆಯುತ್ತದೆ, ನಮ್ಮ ಊರಲ್ಲಂತೂ ಸ್ವಲ್ಪ ಬೇಗನೇ.

ಮೊದಲು ಲೆಕ್ಕ ನೋಡೋಣ. 1967ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಚೌನಿಂಗ್ ಎಂಬ ಸಂಗೀತಗಾರ ಕಂಪ್ಯೂಟರಿನಲ್ಲಿ ಸ್ವರಕ್ಕೆ ಕಂಪನ ಕೊಟ್ಟು ನೋಡುತ್ತಿದ್ದರು. ಹಾಡುವವರು ಉದ್ದ ಸ್ವರ ಹಿಡಿದಾಗ ಅದನ್ನು ಸಣ್ಣಗೆ ಅಲುಗಿಸುತ್ತಾರಲ್ವಾ, ಅದೇ. ಸೆಕೆಂಡಿಗೆ ಐದಾರು ಸಲ ಅಲುಗಿಸಿದರೆ ಕಂಪನ ಕೇಳುತ್ತದೆ. ಚೌನಿಂಗ್ ಈ ವೇಗವನ್ನು ಏರಿಸುತ್ತಾ ಹೋದರು. 20 ದಾಟಿ, 50 ದಾಟಿ, ನೂರರ ಲೆಕ್ಕಕ್ಕೆ ಹೋದಾಗ ಅಲುಗಾಟ ಕೇಳುವುದೇ ನಿಂತಿತು. ಅದರ ಜಾಗದಲ್ಲಿ ಬೇರೆಯೇ ಒಂದು ವಾದ್ಯದ ನಾದ ಕೇಳಿಸಿತು.

ಏನಾಗುತ್ತದೆ ಅಂತ ಅಂಕಿಗಳಲ್ಲೇ ನೋಡಿ. 200 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 200 ಸಲ ಕಂಪಿಸುವ ಸಾದಾ ಅಲೆಯೊಂದಿದೆ. ಅದನ್ನು ಇನ್ನೊಂದು 200 ಹರ್ಟ್ಸ್ ಅಲೆಯಿಂದ ಅಲುಗಿಸಿದರೆ 400, 600, 800 ಹೀಗೆ ಹೊಸ ಸ್ವರಗಳು ಪಕ್ಕದಲ್ಲಿ ಹುಟ್ಟುತ್ತವೆ. ಎಲ್ಲವೂ 200ರ ಮಗ್ಗಿಯಲ್ಲೇ ಇರುವುದರಿಂದ ಕಿವಿ ಅವನ್ನು ಒಂದೇ ಸ್ವರ ಅಂತ ಒಪ್ಪಿಕೊಳ್ಳುತ್ತದೆ, ತುಂಬಿದ ಸ್ವರ ಅಷ್ಟೇ. ಈಗ ಅಲುಗಿಸುವ ಅಲೆಯನ್ನು 282ಕ್ಕೆ ಏರಿಸಿ. ಕೂಡಿದರೆ 482, ಇನ್ನೊಮ್ಮೆ ಕೂಡಿದರೆ 764. ಕಳೆದರೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಆದರೆ ಕಿವಿಗೆ ಮೈನಸ್ ಇಲ್ಲ. ಅದು 82 ಆಗಿ, 364 ಆಗಿ ಮಡಚಿಕೊಂಡು ಕೇಳುತ್ತದೆ. 82, 200, 364, 482, 764. ಇವು ಯಾವ ಮಗ್ಗಿಗೂ ಸೇರುವುದಿಲ್ಲ. ಲೋಹಕ್ಕೆ ಬಡಿದಾಗ ಬರುವ ಸ್ವರಗಳೂ ಹೀಗೇ ಒಂದಕ್ಕೊಂದು ಲೆಕ್ಕ ಕೂಡದವು. ಹಾಗಾಗಿ ಗುಡಿಯ ಗಂಟೆ ಕೇಳಿಸುತ್ತದೆ. ಡಿಎಕ್ಸ್7ನಲ್ಲಿ ಇದಕ್ಕೆ ಮಾಡಬೇಕಾದ್ದು ಇಷ್ಟೇ: ಒಂದು ಅಲೆಯ ಅನುಪಾತ 1.00, ಇನ್ನೊಂದರದ್ದು 1.41. ಬಡಿದ ಕ್ಷಣ ಅಲುಗಾಟ ಜೋರಾಗಿರಬೇಕು, ಆಮೇಲೆ ನಿಧಾನಕ್ಕೆ ಇಳಿಯಬೇಕು. ನಿಜವಾದ ಗಂಟೆಯಲ್ಲೂ ಚುರುಕು ಸ್ವರಗಳು ಮೊದಲು ಅಡಗಿ ಕೊನೆಗೆ ಗುಂಯ್ ಅನ್ನುವುದಷ್ಟೇ ಉಳಿಯುತ್ತದೆ.

ಇದಕ್ಕೆ ಎಫ್‌ಎಂ ಸಿಂಥಸಿಸ್ ಅಂತ ಹೆಸರು. ರೇಡಿಯೊ ಎಫ್‌ಎಂ ತತ್ವವೂ ಇದೇ, ಕೆಲಸ ಬೇರೆ. ಚೌನಿಂಗ್ 1973ರಲ್ಲಿ ಇದನ್ನು ಪ್ರಬಂಧವಾಗಿ ಪ್ರಕಟಿಸಿದರು. ಅಮೆರಿಕದ ಆರ್ಗನ್ ತಯಾರಕರು ತಮಗೆ ಬೇಡ ಅಂದರು. ಜಪಾನಿನ ಯಮಹಾ ಕೈಹಿಡಿಯಿತು. ಪೇಟೆಂಟ್ ಸಿಕ್ಕಿದ್ದು 1977ರಲ್ಲಿ. ಅದು ಸ್ಟ್ಯಾನ್‌ಫರ್ಡ್‌ಗೆ ಭಾರಿ ಹಣ ತಂದ ಪೇಟೆಂಟುಗಳಲ್ಲಿ ಒಂದಾಯಿತು.

ನನಗೆ ಹೆಚ್ಚು ಹಿಡಿಸುವುದು ಆ ಲೆಕ್ಕವನ್ನು ಅಗ್ಗದ ಚಿಪ್‌ನಲ್ಲಿ ತುರುಕಿದ ಜಾಣತನ. ಡಿಎಕ್ಸ್7ನ ಒಂದು ಸ್ವರಕ್ಕೆ ಆರು ಅಲೆಗಳು. ಒಮ್ಮೆಗೆ 16 ಸ್ವರ. ಒಟ್ಟು 96 ಅಲೆ. ಇಷ್ಟನ್ನೂ ಸೆಕೆಂಡಿಗೆ ಸುಮಾರು 49 ಸಾವಿರ ಸಲ ಲೆಕ್ಕ ಹಾಕಬೇಕು. ಅಂದರೆ ಸೆಕೆಂಡಿಗೆ 47 ಲಕ್ಷ ಅಲೆಯ ಲೆಕ್ಕ. ಇದು 1983ರ ಮಾತು, ನೆನಪಿರಲಿ. ಪ್ರತಿ ಲೆಕ್ಕದಲ್ಲೂ ಗುಣಾಕಾರ ಇದೆ, ಗುಣಾಕಾರಕ್ಕೆ ಚಿಪ್‌ನಲ್ಲಿ ಜಾಗ ಜಾಸ್ತಿ ಬೇಕು. ಯಮಹಾ ಎಂಜಿನಿಯರುಗಳು ಏನು ಮಾಡಿದರು ಗೊತ್ತಾ? ನಾವು ಪಿಯುಸಿಯಲ್ಲಿ ಬಳಸುತ್ತಿದ್ದ ಲಾಗ್ ಟೇಬಲ್ ಉಪಾಯ! ಸೈನ್ ಅಲೆಯ ಬೆಲೆಗಳನ್ನು ಲಾಗರಿದಮ್ ರೂಪದಲ್ಲೇ ಚಿಪ್‌ನೊಳಗೆ ಬರೆದಿಟ್ಟರು. ಲಾಗ್‌ನಲ್ಲಿ ಗುಣಾಕಾರ ಅಂದರೆ ಬರೀ ಕೂಡುವುದು. ಕೂಡಿ ಮುಗಿದ ಮೇಲೆ ಇನ್ನೊಂದು ಪಟ್ಟಿ ನೋಡಿ ಆಂಟಿಲಾಗ್ ತೆಗೆದರೆ ಆಯಿತು. 2021ರಲ್ಲಿ ಕೆನ್ ಶಿರಿಫ್ ಎಂಬ ಅಮೆರಿಕದ ತಂತ್ರಜ್ಞ ಈ ಚಿಪ್‌ನ ಹೊದಿಕೆ ತೆಗೆದು, ಸೂಕ್ಷ್ಮದರ್ಶಕದಲ್ಲಿ ಚಿತ್ರ ಹಿಡಿದು, ಒಳಗಿನ ಪಟ್ಟಿಗಳನ್ನು ಓದಿ ಎಲ್ಲರಿಗೂ ತೋರಿಸಿದರು.

ಒಂದು ವಾದ್ಯದ ನಾದವನ್ನು ವಿವರಿಸಲು ಈ ಯಂತ್ರಕ್ಕೆ 128 ಬೈಟ್ ಸಾಕು. 32 ನಾದಗಳಿಗೆ 4096 ಬೈಟ್. ನಿಮ್ಮ ವಾಟ್ಸಾಪ್‌ಗೆ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರದಲ್ಲಿ ಇಂಥ ಎಷ್ಟೋ ಯಂತ್ರಗಳ ಎಲ್ಲ ನಾದಗಳೂ ಹಿಡಿಸುತ್ತವೆ. 1983ರಲ್ಲಿ ಯಾರೋ ಬರೆದ 128 ಬೈಟ್ ಇವತ್ತು ನನ್ನ ಯಂತ್ರಕ್ಕೆ ಹಾಕಿದರೂ ಆವತ್ತಿನ ಲೆಕ್ಕವೇ ನಡೆಯುತ್ತದೆ. ಇಷ್ಟು ಲೆಕ್ಕದ ಕಡೆಯ ಕಥೆ.

ಪೆಟ್ಟಿಗೆಯ ಕಥೆ ಶುರುವಾಗುವುದು ಒಂದು ಗುಂಡಿ ಬ್ಯಾಟರಿಯಿಂದ. ಆ 4096 ಬೈಟ್ ಕೂತಿರುವ ಮೆಮೊರಿಗೆ ಸದಾ ಕರೆಂಟ್ ಬೇಕು. ಸ್ವಿಚ್ ಆಫ್ ಆದಾಗ ಅದನ್ನು ಕಾಯುವುದು 3 ವೋಲ್ಟಿನ ಸಿಆರ್2032 ಸೆಲ್. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಸೆಲ್ ಇದು. ಆದರೆ ಇಲ್ಲಿ ಅದನ್ನು ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ತೆಗೆದ ಕೂಡಲೇ ಒಳಗಿನ ನಾದಗಳೆಲ್ಲ ಅಳಿಸಿಹೋಗುತ್ತವೆ. ಅದಕ್ಕೆ ಮೊದಲೇ ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಆಮೇಲೆ ಹಳೆಯದನ್ನು ಬಿಡಿಸಿ, ಸೆಲ್ ಕೂರಿಸುವ ಹೋಲ್ಡರ್ ಒಂದನ್ನು ಹಾಕಿಸಿಬಿಡಿ. ಬೆಸುಗೆ ಗೊತ್ತಿದ್ದ ಮೊಬೈಲ್ ರಿಪೇರಿಯವರಿಗೆ ಇದು ಕಷ್ಟದ ಕೆಲಸವಲ್ಲ.

ಇಳಿಸಿಕೊಳ್ಳುವುದು ಮಿಡಿ ಕೇಬಲ್ ಮೂಲಕ. ವಾದ್ಯಗಳು ಒಂದಕ್ಕೊಂದು ಸಂಕೇತ ಕಳಿಸುವ ಈ ಮಿಡಿ ಪದ್ಧತಿಯೂ 1983ರದ್ದೇ. ಆ ವರ್ಷದ ಜನವರಿಯಲ್ಲಿ ಅಮೆರಿಕದ ಒಂದು ವಾದ್ಯ ಪ್ರದರ್ಶನದಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಕೀಬೋರ್ಡ್‌ಗಳು ಮೊದಲ ಸಲ ಈ ತಂತಿಯಲ್ಲಿ ಮಾತಾಡಿಕೊಂಡವು. ಸೆಕೆಂಡಿಗೆ 31,250 ಬಿಟ್ ಅದರ ವೇಗ. 32 ನಾದ ಸಾಗಿಸಲು ಒಂದೂಕಾಲು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಇದರಲ್ಲಿ ಇನ್ನೊಂದು ಜಾಣತನ ಇದೆ. ತಂತಿಯಲ್ಲಿ ಬಂದ ಸಂಕೇತ ಯಂತ್ರದೊಳಗೆ ನೇರ ಹೋಗುವುದಿಲ್ಲ. ಬಾಗಿಲಲ್ಲಿ ಒಂದು ಪುಟ್ಟ ಎಲ್‌ಇಡಿ ಮಿನುಗುತ್ತದೆ, ಎದುರಿಗಿರುವ ಬೆಳಕಿನ ಸೆನ್ಸರ್ ಅದನ್ನು ಓದಿಕೊಳ್ಳುತ್ತದೆ. ನಡುವೆ ಬೆಳಕು ಬಿಟ್ಟರೆ ಬೇರೆ ಸಂಬಂಧ ಇಲ್ಲ. ಹಾಗಾಗಿ ಒಂದು ಯಂತ್ರದ ಅರ್ತಿಂಗ್ ತಕರಾರು ಮಿಡಿ ತಂತಿ ಹಿಡಿದು ಇನ್ನೊಂದಕ್ಕೆ ಹರಡುವುದಿಲ್ಲ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗದಂತೆ ಬಕೆಟ್‌ಗಟ್ಟಲೆ ನೀರು ಸುರಿಯುವ ನಮ್ಮಂಥವರಿಗೆ ಇದರ ಬೆಲೆ ಗೊತ್ತು. ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ-ಮಿಡಿ ಕೇಬಲ್ ಮಾತ್ರ ತೀರಾ ಅಗ್ಗದ್ದು ತರಬೇಡಿ. ನುಡಿಸಲು ಸರಿಯಾಗೇ ಇರುತ್ತದೆ, ಉದ್ದದ ಡೇಟಾ ಕಳಿಸಿದರೆ ನಡುವೆ ಬೈಟ್ ನುಂಗಿಬಿಡುತ್ತದೆ.

ಇನ್ನು ಬಿಸಿಲು. ಶ್ರುತಿಗೆ ಏನೂ ಮಾಡದ ಶೆಕೆ, ಕರೆಂಟಿನ ಏರಿಳಿತವನ್ನು ಸಮ ಮಾಡುವ ಕೆಪ್ಯಾಸಿಟರುಗಳನ್ನು ಸದ್ದಿಲ್ಲದೆ ತಿನ್ನುತ್ತದೆ. ಪವರ್ ಸಪ್ಲೈಯಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರಿನ ಒಳಗೆ ದ್ರವ ಇರುತ್ತದೆ. ಅದು ವರ್ಷಗಟ್ಟಲೆ ಒಂದೇ ಸಮ ಆರುತ್ತಾ ಹೋಗುತ್ತದೆ. ಎಂಜಿನಿಯರುಗಳ ಅಂದಾಜು ಸೂತ್ರ ಹೀಗಿದೆ: ಉಷ್ಣತೆ 10 ಡಿಗ್ರಿ ಏರಿದರೆ ಆಯಸ್ಸು ಅರ್ಧ. 85 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕೆಪ್ಯಾಸಿಟರ್ 55 ಡಿಗ್ರಿಯಲ್ಲಿ 16,000 ಗಂಟೆ, 45ರಲ್ಲಿ 32,000 ಗಂಟೆ ಬಾಳಬೇಕು. ರೂಮು 30 ಡಿಗ್ರಿ ಇದ್ದು ಪೆಟ್ಟಿಗೆಯ ಒಳಗೆ ಇನ್ನೊಂದು 15 ಸೇರಿದರೆ 45. ಅದೇ ರೂಮು 40 ಇದ್ದರೆ 55. ದಿನಕ್ಕೆ ಎರಡು ಗಂಟೆ ನುಡಿಸುವವರಿಗೆ ಮೊದಲನೆಯದು 44 ವರ್ಷ, ಎರಡನೆಯದು 22 ವರ್ಷ. ಬೆಂಗಳೂರಿನ ಡಿಎಕ್ಸ್7ಗೂ ಬಳ್ಳಾರಿಯ ಡಿಎಕ್ಸ್7ಗೂ ಇಷ್ಟು ಅಂತರ! ಸ್ಪೀಕರಿನಲ್ಲಿ ಮೊದಲಿಲ್ಲದ ಗುಂಯ್‌ಗುಡುವಿಕೆ ಶುರುವಾದರೆ ಮೊದಲು ಇವನ್ನೇ ಅನುಮಾನಿಸಿ. ಬದಲಿಸುವ ಕೆಲಸ ಮಾತ್ರ ತಿಳಿದವರಿಂದಲೇ ಆಗಲಿ, ಅಲ್ಲಿ ಕೈ ಸುಡುವ ಕರೆಂಟ್ ಇದೆ.

ಕೂಲರ್ ಹಾಕಿದರೆ ಆಯಿತಲ್ಲ ಅನ್ನಬಹುದು. ಕೂಲರ್ ತಣ್ಣನೆಯ ಗಾಳಿಯ ಜೊತೆ ತೇವವನ್ನೂ ತರುತ್ತದೆ. ಮೊದಲೇ ಸಂಡೂರಿನ ಕಡೆಯ ಅದಿರು ಲಾರಿಗಳ ಕೆಂಪು ಧೂಳು ಗಾಳಿಯಲ್ಲಿದೆ. ಧೂಳು, ತೇವ ಎರಡೂ ಕೂಡಿ ಕೀಲಿಗಳ ಸಂದಿಯಲ್ಲಿ ಇಳಿದರೆ ಒಂದು ವಿಚಿತ್ರ ತೊಂದರೆ. ಪ್ರತಿ ಕೀಲಿಯನ್ನು ಒತ್ತಿದಾಗ ಎರಡು ಸಂಪರ್ಕಗಳ ನಡುವೆ ಎಷ್ಟು ಹೊತ್ತು ಹೋಯಿತು ಅಂತ ಯಂತ್ರ ಅಳೆಯುತ್ತದೆ. ಕಡಿಮೆ ಹೊತ್ತು ಅಂದರೆ ಜೋರಾಗಿ ಒತ್ತಿದ್ದೀರಿ ಅಂತ ಅರ್ಥ. ಸಂಪರ್ಕ ಕೊಳೆಯಾದರೆ ಈ ಅಳತೆ ಕೆಡುತ್ತದೆ. ಮೆಲ್ಲಗೆ ಮುಟ್ಟಿದ ಪಂಚಮ ಕಿರುಚುತ್ತದೆ, ಪಕ್ಕದ ಧೈವತ ಸುಮ್ನೆ ಕೂರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿದರೆ ಬಹುತೇಕ ಸರಿಹೋಗುತ್ತದೆ. ನನ್ನ ಕೂಲರ್ ಕೀಬೋರ್ಡಿಗೆ ಬೆನ್ನು ಹಾಕಿದೆ, ಕೀಬೋರ್ಡಿನ ಮೇಲೆ ಹಳೆಯ ಹತ್ತಿ ಪಂಚೆ ಇದೆ. ಪ್ಲಾಸ್ಟಿಕ್ ಹೊದಿಕೆ ತೇವ ಹಿಡಿದಿಡುತ್ತದೆ, ಬೇಡ.

ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ರೆಕಾರ್ಡಿಂಗ್ ಮಾಡುವವರಿಗೆ ಒಂದು ಮಾತು. ಅಗ್ಗದ ಇನ್ವರ್ಟರ್ ಕೊಡುವುದು ಚೌಕಾಕಾರದ ಅಲೆ. ಅದರಲ್ಲಿ 50 ಹರ್ಟ್ಸ್ ಜೊತೆಗೆ 150, 250, 350 ಎಲ್ಲ ಇರುತ್ತವೆ. ಹಾಗೆ ನೋಡಿದರೆ ಅದೂ ಒಂದು ಸಿಂಥಸೈಜರೇ, ಬೇಡದ್ದು ಅಷ್ಟೇ. ಡಿಎಕ್ಸ್7 ಒಳಗಿರುವ ಹಳೆಯ ಕಾಲದ ಟ್ರಾನ್ಸ್‌ಫಾರ್ಮರ್ ಇದಕ್ಕೆ ಝೇಂಕರಿಸುತ್ತದೆ, ಬಿಸಿಯೂ ಆಗುತ್ತದೆ. ಸೈನ್ ವೇವ್ ಇನ್ವರ್ಟರ್ ಇದ್ದರೆ ಮಾತ್ರ ಹಾಕಿ.

ಇಷ್ಟೆಲ್ಲ ಯಾಕೆ, ಕಂಪ್ಯೂಟರಿನಲ್ಲಿ ಡೆಕ್ಸೆಡ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆಯಲ್ಲ? ಇದೆ. ಅದೇ 4096 ಬೈಟ್ ಓದಿ ಅದೇ ಲೆಕ್ಕ ಮಾಡುತ್ತದೆ. ಬರೀ ನಾದ ಬೇಕಿದ್ದರೆ ಅದೇ ಸಾಕು, ಹಳೆಯ ಯಂತ್ರಕ್ಕೆ ದುಡ್ಡು ಸುರಿಯಬೇಡಿ ಅಂತಲೇ ನಾನು ಹೇಳೋದು. ಅಲ್ಲದೆ ಡಿಎಕ್ಸ್7ನಲ್ಲಿ ನಾದ ಕಟ್ಟುವುದು ಶಿಕ್ಷೆ. ಪರದೆಯಲ್ಲಿ ಎರಡೇ ಸಾಲು, ಸಾಲಿಗೆ 16 ಅಕ್ಷರ, ಬದಲಿಸಲು ಒಂದೇ ಸ್ಲೈಡರ್. ನಾನು ಡೆಕ್ಸೆಡ್‌ನಲ್ಲಿ ಕಟ್ಟಿ ಯಂತ್ರಕ್ಕೆ ಕಳಿಸುತ್ತೇನೆ.

ಯಂತ್ರ ಬೇಕಾಗುವುದು ಕೈಗೆ, ಕಾಲಿಗೆ. ನಮ್ಮ ಕಡೆ ಕಂಪನಿ ನಾಟಕಗಳಲ್ಲಿ ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ ಇರುತ್ತಿತ್ತು. ಆ ನಾದ ಡಿಎಕ್ಸ್7ನಲ್ಲಿ ಚೆನ್ನಾಗಿ ಬರುತ್ತದೆ. ಒಂದು ಅಲೆ ತನ್ನನ್ನು ತಾನೇ ಅಲುಗಿಸಿಕೊಳ್ಳುವ ಫೀಡ್‌ಬ್ಯಾಕ್ ಸೌಲಭ್ಯ ಇದರಲ್ಲಿದೆ, ಅದರಿಂದ ರೀಡಿನ ಗರಗರ ಸಿಗುತ್ತದೆ. ಡಬಲ್ ರೀಡ್ ಬೇಕಿದ್ದರೆ ಎರಡು ಅಲೆಗಳ ಶ್ರುತಿಯನ್ನು ಒಂಚೂರು ಆಚೀಚೆ ಮಾಡಿದರೆ ಸಾಕು. ಗಾಳಿ ಹಾಕುವ ಏರಿಳಿತವನ್ನು ಕಾಲಿನ ಪೆಡಲ್‌ಗೆ ಜೋಡಿಸಬಹುದು. ಹಾಡುವವರು ತಮ್ಮ ಶ್ರುತಿ ಕಾಳಿ ಎರಡು ಅಂದರೂ ಬಿಳಿ ನಾಲ್ಕು ಅಂದರೂ ಕೀಲಿ ಜಾರಿಸಿಕೊಳ್ಳುವ ಅನುಕೂಲವೂ ಇದೆ. ಒಂದೊಂದು ಸ್ವರವನ್ನು ರಾಗಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ಶ್ರುತಿ ಮಾಡಲು ಮಾತ್ರ ಆಗಲ್ಲ. ಅದು ಬಂದದ್ದು ಮುಂದಿನ ಮಾದರಿಯಲ್ಲಿ.

ಕೊಳ್ಳುವ ಮನಸ್ಸಿದ್ದರೆ ಹಿಂಬದಿಯ ಚೀಟಿ ಓದಿ. 100 ವೋಲ್ಟ್ ಅಂತಿದ್ದರೆ ಅದು ಜಪಾನಿನ ಮಾರುಕಟ್ಟೆಗೆ ಮಾಡಿದ್ದು, ನಮ್ಮ 230 ವೋಲ್ಟಿಗೆ ನೇರ ಹಾಕಿದರೆ ಸುಟ್ಟುಹೋಗುತ್ತದೆ. ಎಲ್ಲ 61 ಕೀಲಿಗಳನ್ನೂ ಮೆಲ್ಲಗೊಮ್ಮೆ ಜೋರಾಗೊಮ್ಮೆ ಒತ್ತಿ ನೋಡಿ. 14 ಕಿಲೊ ಭಾರ ಇದೆ, ಹೊರಲು ಒಬ್ಬರನ್ನು ಕರೆದುಕೊಂಡು ಹೋಗಿ. ಬ್ಯಾಟರಿ, ಕೆಪ್ಯಾಸಿಟರ್, ಕೊಳೆ ಇವಕ್ಕೆಲ್ಲ ಮದ್ದಿದೆ. ಲಾಗ್ ಟೇಬಲ್ ಹೊತ್ತ ಆ ಚಿಪ್ ಸತ್ತರೆ ಮಾತ್ರ ಕಷ್ಟ. ಅದನ್ನು ಯಮಹಾ ತನಗಾಗಿಯೇ ಮಾಡಿಕೊಂಡಿತ್ತು, ಈಗ ತಯಾರಾಗುವುದಿಲ್ಲ. ಇನ್ನೊಂದು ಕೆಟ್ಟ ಡಿಎಕ್ಸ್7ನಿಂದಲೇ ಕಿತ್ತು ತರಬೇಕು. ಆದ್ದರಿಂದ ರಸಮಂಜರಿ ತಂಡಗಳವರ ಅಟ್ಟದಲ್ಲೋ ಶಾಮಿಯಾನದವರ ಗೋಡೌನಿನಲ್ಲೋ ಇಂಥದ್ದೊಂದು ಸತ್ತು ಬಿದ್ದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.