ಜೋಡಿಸುವುದಕ್ಕೆ ಒಂದು ಬಾಣ ಸಾಲದೇ, ಐದು ಚಿಹ್ನೆ ಏಕೆ?

ಓದುಗರ ಪ್ರಶ್ನೆ: ಧ್ವನಿ ಸಂಸ್ಕರಣೆಗೆಂದು ಇರುವ ಚಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸ್ವಲ್ಪ ಕೈಯಾಡಿಸಿದ್ದೇನೆ, ಈಗ ಅಂಥದೇ ಇನ್ನೊಂದು ಭಾಷೆ ಫೌಸ್ಟ್ ಕಲಿಯುತ್ತಿದ್ದೇನೆ. ಒಂದು ಮಾನೊ (ಒಂಟಿ ವಾಹಿನಿಯ) ಸಿಗ್ನಲನ್ನು ಫಿಲ್ಟರಿಗೂ ಧ್ವನಿಯನ್ನು ತಡಮಾಡುವ ಡಿಲೇಗೂ ಕಳಿಸಿ, ಎರಡರಿಂದ ಬಂದದ್ದನ್ನು ಮತ್ತೆ ಒಂದುಗೂಡಿಸಬೇಕು. ಚಕ್‌ನಲ್ಲಿ ನಾಲ್ಕು ಬಾಣ ಎಳೆದರೆ ಕೆಲಸ ಮುಗಿಯುತ್ತದೆ. ಫೌಸ್ಟ್‌ನಲ್ಲಿ ಕೋಲನ್ ಹಾಕಿದೊಡನೆ, ಔಟ್‌ಪುಟ್‌ಗಳ ಸಂಖ್ಯೆ ಇನ್‌ಪುಟ್‌ಗಳ ಸಂಖ್ಯೆಗೆ ಸಮನಾಗಿಲ್ಲ ಎಂದು ಕಂಪೈಲರ್ ತಕರಾರು ತೆಗೆಯುತ್ತದೆ. ಜೋಡಿಸುವ ಒಂದೇ ಕೆಲಸಕ್ಕೆ ಐದು ಚಿಹ್ನೆಗಳು ಏಕೆ?

ನಿಮಗೆ ಬೇಕಾದ ಸಾಲನ್ನು ಮೊದಲು ಕೊಟ್ಟುಬಿಡುತ್ತೇನೆ:

_ <: ಫಿಲ್ಟರ್ , ಡಿಲೇ :> _

ಸಿಗ್ನಲನ್ನು ಒಳಗೆ ತೆಗೆದುಕೊಂಡು ಹೊರಗೆ ಕೊಡುವ ಪ್ರತಿ ಘಟಕವನ್ನೂ ಪೆಟ್ಟಿಗೆ ಎನ್ನೋಣ. ಪೆಟ್ಟಿಗೆಗಳ ಹೆಸರನ್ನು ಓದುವ ಅನುಕೂಲಕ್ಕೆ ಕನ್ನಡದಲ್ಲಿ ಬರೆದಿದ್ದೇನೆ. ಫೌಸ್ಟ್ ಕಂಪೈಲರ್ ರೋಮನ್ ಅಕ್ಷರದ ಹೆಸರುಗಳನ್ನು ಮಾತ್ರ ಒಪ್ಪುತ್ತದೆ. ಅಡಿಗೆರೆ ಎಂದರೆ ಏನೂ ಮಾಡದ ಒಂದು ಬರಿಯ ತಂತಿ.

ನೀವು ಬಹುಶಃ ಬರೆದದ್ದು ಹೀಗಿರಬೇಕು:

_ : ಫಿಲ್ಟರ್ , ಡಿಲೇ : _

ಇಲ್ಲಿ ಅಲ್ಪವಿರಾಮ ಕೋಲನ್ನಿಗಿಂತ ಬಿಗಿಯಾಗಿ ಹಿಡಿಯುತ್ತದೆ. ಆದ್ದರಿಂದ ಫಿಲ್ಟರ್ ಮತ್ತು ಡಿಲೇ ಮೊದಲು ಅಕ್ಕಪಕ್ಕ ನಿಂತು ಎರಡು ಇನ್‌ಪುಟ್, ಎರಡು ಔಟ್‌ಪುಟ್ ಇರುವ ಒಂದೇ ಪೆಟ್ಟಿಗೆಯಾಗುತ್ತವೆ. ಅದರ ಎಡಕ್ಕೆ ನೀವು ತಂದಿರುವುದು ಒಂದು ತಂತಿ, ಬಲಕ್ಕೆ ಒಯ್ಯುತ್ತಿರುವುದೂ ಒಂದೇ ತಂತಿ. ಕೋಲನ್‌ಗೆ ಗೊತ್ತಿರುವುದು ಒಂದಕ್ಕೊಂದು ಜೋಡಿಸುವುದು ಮಾತ್ರ. ಉಳಿದ ಇನ್‌ಪುಟ್‌ಗೆ ಏನು ಕೊಡಬೇಕೆಂದು ಅದು ಊಹಿಸುವುದಿಲ್ಲ. ಕವಲೊಡೆಯಲು <: ಬೇಕು, ಕೂಡಿಸಲು :> ಬೇಕು.

ಹಾಗಾದರೆ ಚಕ್‌ಗೆ ಒಂದೇ ಬಾಣ ಹೇಗೆ ಸಾಕಾಯಿತು? ಪ್ರಿನ್ಸ್‌ಟನ್‌ನಲ್ಲಿ ಗೆ ವಾಂಗ್ ಮತ್ತು ಪೆರಿ ಕುಕ್ ರೂಪಿಸಿದ ಆ ಭಾಷೆಯಲ್ಲಿ => ಒಂದು ಕ್ರಿಯೆ. ಪ್ರೋಗ್ರಾಂ ಓಡುತ್ತಿರುವಾಗ, ಆ ಸಾಲು ಬಂದ ಕ್ಷಣದಲ್ಲಿ, ಒಂದು ತಂತಿ ಸಿಕ್ಕಿಸಲಾಗುತ್ತದೆ. =< ಬರೆದರೆ ಕಿತ್ತುಹಾಕಲಾಗುತ್ತದೆ. ಒಂದೇ ಪೆಟ್ಟಿಗೆಯಿಂದ ಎರಡು ಬಾಣ ಹೊರಟರೆ ಸಿಗ್ನಲ್ ಎರಡು ಕಡೆಗೂ ಹೋಗುತ್ತದೆ, ಒಂದೇ ಪೆಟ್ಟಿಗೆಗೆ ಎರಡು ಬಾಣ ಬಂದು ಸೇರಿದರೆ ಕೂಡಿಕೊಳ್ಳುತ್ತದೆ. ಕವಲು, ಕೂಡಿಕೆ ಎರಡೂ ಅಲ್ಲಿವೆ, ಆದರೆ ಅವುಗಳಿಗೆ ಚಿಹ್ನೆ ಇಲ್ಲ. ಅದಕ್ಕೆ ಬದಲಾಗಿ ನೀವು ತೆರುವ ಬೆಲೆ ಹೆಸರು: ಒಂದು ಪೆಟ್ಟಿಗೆಯಿಂದ ಎರಡನೆಯ ಬಾಣ ಎಳೆಯಬೇಕಾದರೆ ಅದನ್ನು ಎರಡನೆಯ ಸಲ ಕರೆಯಬೇಕು, ಕರೆಯಲು ಅದಕ್ಕೊಂದು ಹೆಸರಿರಬೇಕು.

ಫೌಸ್ಟ್ ಹುಟ್ಟಿದ್ದು ಬೇರೆಯೇ ಯೋಚನೆಯಿಂದ. 2002ರ ಸುಮಾರಿಗೆ ಫ್ರಾನ್ಸಿನ ಲಿಯಾನ್ ನಗರದ ಗ್ರಾಮ್ ಸಂಸ್ಥೆಯಲ್ಲಿ ಯಾನ್ ಓರ್ಲಾರೆ, ಡೊಮಿನಿಕ್ ಫೋಬರ್, ಸ್ಟೆಫಾನ್ ಲೆಟ್ಸ್ ಅವರು ಬ್ಲಾಕ್ ಚಿತ್ರಗಳಿಗೆ ಒಂದು ಬೀಜಗಣಿತ ಕಟ್ಟಿದರು. ಕೂಡು ಚಿಹ್ನೆಯ ಎರಡೂ ಕಡೆ ಸಂಖ್ಯೆಗಳಿದ್ದರೆ ಫಲವೂ ಸಂಖ್ಯೆಯೇ ಆಗುವಂತೆ, ಇಲ್ಲಿ ಚಿಹ್ನೆಯ ಎರಡೂ ಕಡೆ ಪೆಟ್ಟಿಗೆಗಳು, ಫಲವೂ ಪೆಟ್ಟಿಗೆ. ಆ ಹೊಸ ಪೆಟ್ಟಿಗೆಗೆ ಎಷ್ಟು ಇನ್‌ಪುಟ್, ಎಷ್ಟು ಔಟ್‌ಪುಟ್ ಎಂಬುದು ಬರೆದ ಕ್ಷಣವೇ ನಿಶ್ಚಿತ. ಕಂಪೈಲರ್ ಅದನ್ನು ಎಣಿಸುತ್ತಲೇ ಸಾಗುತ್ತದೆ. ನಿಮಗೆ ಸಿಕ್ಕಿದ ದೋಷಸಂದೇಶ ಆ ಎಣಿಕೆಯ ಫಲ. ನನ್ನ ಮಟ್ಟಿಗೆ ಅದು ಈ ಭಾಷೆಯ ಅತ್ಯಂತ ಉಪಕಾರಿ ಸಂದೇಶ, ಮೊದಲ ವಾರದಲ್ಲಿ ಹಾಗೆ ಅನ್ನಿಸದಿದ್ದರೂ.

ಕೋಲನ್‌ಗೆ ಎರಡೂ ಕಡೆಯ ಎಣಿಕೆ ಸಮನಾಗಿರಬೇಕು. ಅಲ್ಪವಿರಾಮಕ್ಕೆ ಷರತ್ತೇ ಇಲ್ಲ, ಸುಮ್ಮನೆ ಅಕ್ಕಪಕ್ಕ ನಿಲ್ಲಿಸುತ್ತದೆ. <: ಚಿಹ್ನೆಗೆ ಬಲಗಡೆಯ ಇನ್‌ಪುಟ್‌ಗಳು ಎಡಗಡೆಯ ಔಟ್‌ಪುಟ್‌ಗಳ ಗುಣಕವಾಗಿರಬೇಕು, :> ಚಿಹ್ನೆಗೆ ಇದು ತಿರುವುಮುರುವು. ಒಂದರಿಂದ ಎರಡಕ್ಕೆ ಕವಲೊಡೆಯುವಾಗ ಗೊಂದಲವಿಲ್ಲ. ಎರಡರಿಂದ ನಾಲ್ಕಕ್ಕೆ ಹೋಗುವಾಗಲೇ ಬಹಳ ಜನ ಎಡವುತ್ತಾರೆ. ಎಡ ಮತ್ತು ಬಲ ಎಂಬ ಸ್ಟೀರಿಯೊ ಜೋಡಿಯನ್ನು ನಾಲ್ಕು ಇನ್‌ಪುಟ್‌ಗಳಿಗೆ ಹಂಚಿದರೆ ಅದು ಎಡ, ಎಡ, ಬಲ, ಬಲ ಎಂದು ಹೋಗುವುದಿಲ್ಲ. ಎಡ, ಬಲ, ಎಡ, ಬಲ ಎಂದು ಸರದಿಯಲ್ಲಿ ಹೋಗುತ್ತದೆ. ಮುಂದೆ ಇರುವುದು ಎರಡು ಸ್ಟೀರಿಯೊ ಎಫೆಕ್ಟ್‌ಗಳಾದರೆ ಎರಡಕ್ಕೂ ಪೂರ್ಣ ಜೋಡಿ ಸಿಕ್ಕಿ ಎಲ್ಲವೂ ಸೊಗಸು. ನಾಲ್ಕು ಮಾನೊ ಫಿಲ್ಟರ್‌ಗಳಾದರೆ, ಮೊದಲೆರಡಕ್ಕೆ ಎಡದ ಧ್ವನಿ ಬಂದಿದೆ ಎಂದು ನಂಬಿ ಕುಳಿತವರು ಮೋಸಹೋಗುತ್ತಾರೆ. ಎಣಿಕೆ ಸರಿಯಾಗಿರುವುದರಿಂದ ಕಂಪೈಲರ್ ತುಟಿ ಬಿಚ್ಚುವುದಿಲ್ಲ.

ಕೂಡಿಸುವಾಗಲೂ ಇದೇ ಸರದಿ. ಜೊತೆಗೆ ಇನ್ನೊಂದು ಎಚ್ಚರಿಕೆ ಬೇಕು: :> ಸರಾಸರಿ ತೆಗೆಯುವುದಿಲ್ಲ, ನಿಜಕ್ಕೂ ಕೂಡಿಸುತ್ತದೆ. ಒಂದೇ ಸಿಗ್ನಲ್ ಎರಡು ದಾರಿಯಲ್ಲಿ ಬದಲಾಗದೆ ಬಂದು ಸೇರಿದರೆ ಮಟ್ಟ ಎರಡು ಪಟ್ಟು, ಎಂದರೆ 6 ಡೆಸಿಬೆಲ್ ಹೆಚ್ಚು. ಸ್ವರ ಹುಟ್ಟಿಸುವ ಎಂಟು ಆಸಿಲೇಟರ್‌ಗಳನ್ನು ಒಂದೇ ತಂತಿಗೆ ಸುರಿದು ಹೆಡ್‌ಫೋನ್ ಹಾಕಿಕೊಂಡು ಕುಳಿತ ಅನುಭವ ನನಗಿದೆ. ಎಂಟೂ ಒಟ್ಟಿಗೆ ಏರಿದರೆ ಶಿಖರ ಎಂಟು ಪಟ್ಟು, 18 ಡೆಸಿಬೆಲ್. ಆಮೇಲಿನಿಂದ ನನ್ನ ಸಾಲುಗಳು ಹೀಗೆ ಕೊನೆಗೊಳ್ಳುತ್ತವೆ:

_ <: _ , ರಿವರ್ಬ್ :> *(0.5)

ಗುಣಿಸುವ ಪೆಟ್ಟಿಗೆಗೂ ಇನ್‌ಪುಟ್ ಒಂದೇ ಆದ್ದರಿಂದ ಕೂಡಿಕೆಯೂ ಇಳಿತವೂ ಅಲ್ಲೇ ಮುಗಿಯುತ್ತವೆ.

ಐದನೆಯ ಚಿಹ್ನೆ ~. ಅದು ಔಟ್‌ಪುಟನ್ನು ಹಿಂದಕ್ಕೆ ತಂದು ಇನ್‌ಪುಟ್‌ಗೆ ಸುತ್ತುತ್ತದೆ. ಅತಿ ಚಿಕ್ಕ ಉದಾಹರಣೆ:

1 : + ~ _

ಕೂಡುವ ಪೆಟ್ಟಿಗೆಗೆ ಎರಡು ಇನ್‌ಪುಟ್. ಒಂದಕ್ಕೆ ಸದಾ 1 ಬರುತ್ತಿದೆ, ಇನ್ನೊಂದಕ್ಕೆ ಅದರದೇ ಹಿಂದಿನ ಫಲ. ಹೊರಬರುವುದು 1, 2, 3, 4... ಎಂಬ ಎಣಿಕೆ. ‘ಹಿಂದಿನ’ ಎಂಬ ಮಾತು ಮುಖ್ಯ. ಈ ಕ್ಷಣದ ಔಟ್‌ಪುಟ್ ತಿಳಿಯಲು ಈ ಕ್ಷಣದ ಔಟ್‌ಪುಟ್ಟೇ ಬೇಕೆಂದರೆ, ಹುಚ್ಚು ಬಿಡದ ಹೊರತು ಮದುವೆ ಆಗದು, ಮದುವೆ ಆಗದ ಹೊರತು ಹುಚ್ಚು ಬಿಡದು ಎಂಬ ಕಥೆಯಾಗುತ್ತದೆ. ಆದ್ದರಿಂದ ~ ತನ್ನೊಳಗೇ ಒಂದು ಸ್ಯಾಂಪಲ್‌ನಷ್ಟು (ಡಿಜಿಟಲ್ ಧ್ವನಿಯ ಒಂದು ಅಳತೆಯಷ್ಟು) ವಿಳಂಬ ಇಟ್ಟುಕೊಂಡಿದೆ. ಪ್ರತಿಧ್ವನಿ ಕಟ್ಟುವಾಗ ಇದು ಲೆಕ್ಕಕ್ಕೆ ಬರುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್ ಇರುವಲ್ಲಿ ಅರ್ಧ ಸೆಕೆಂಡಿನ ಪ್ರತಿಧ್ವನಿ ಎಂದರೆ 22,050 ಸ್ಯಾಂಪಲ್. ಒಂದು ಆಗಲೇ ಸಂದಿದೆ, ಆದ್ದರಿಂದ ಬರೆಯಬೇಕಾದದ್ದು 22,049 (@ ಎಂದರೆ ಅಷ್ಟು ಸ್ಯಾಂಪಲ್ ತಡಮಾಡುವ ಪೆಟ್ಟಿಗೆ):

+ ~ (@(22049) : *(0.5))

ಅರ್ಧ ಸೆಕೆಂಡಿನಲ್ಲಿ ಒಂದು ಸ್ಯಾಂಪಲ್ ತಪ್ಪಿದರೆ ಯಾರ ಕಿವಿಗೂ ತಿಳಿಯದು. ಮೀಟಿದ ತಂತಿಯ ನಾದವನ್ನು ಇದೇ ಸುತ್ತಿನಿಂದ ಹುಟ್ಟಿಸುವಾಗ ತಿಳಿಯುತ್ತದೆ, ಏಕೆಂದರೆ ಅಲ್ಲಿ ಸುತ್ತಿನ ಉದ್ದವೇ ಶ್ರುತಿ. 440 ಹರ್ಟ್ಸ್ ಬೇಕಿದ್ದರೆ ಸುತ್ತು ಸುಮಾರು 100 ಸ್ಯಾಂಪಲ್ ಇರಬೇಕು. ಬ್ರೌಸರಿನೊಳಗಿನ ಧ್ವನಿ ವ್ಯವಸ್ಥೆಯಾದ ವೆಬ್ ಆಡಿಯೊದಲ್ಲಿ ಪೆಟ್ಟಿಗೆಗಳನ್ನು ಸುತ್ತಿ ಕಟ್ಟಿದರೆ ನಡುವೆ ಡಿಲೇ ಇರಲೇಬೇಕು, ಆ ಡಿಲೇ 128 ಸ್ಯಾಂಪಲ್‌ಗಿಂತ ಕಡಿಮೆಯಾಗುವಂತಿಲ್ಲ. 44,100ನ್ನು 128ರಿಂದ ಭಾಗಿಸಿದರೆ ಸುಮಾರು 344 ಹರ್ಟ್ಸ್. ಅದಕ್ಕಿಂತ ಮೇಲಿನ ಸ್ವರ ಆ ಸುತ್ತಿನಿಂದ ಹೊರಡುವುದೇ ಇಲ್ಲ. ಪರದೆಯ ಮೇಲೆ ತಂತಿ ಎಳೆದು ಪ್ರೋಗ್ರಾಂ ಕಟ್ಟುವ ಪ್ಯೂರ್ ಡೇಟಾ ಸಾಮಾನ್ಯವಾಗಿ 64 ಸ್ಯಾಂಪಲ್‌ಗಳ ಕಂತಿನಲ್ಲಿ ಲೆಕ್ಕ ಹಾಕುತ್ತದೆ. ಅಲ್ಲಿ ಡಿಲೇ ಇಲ್ಲದೆ ಸಿಗ್ನಲ್ ತಂತಿಯನ್ನು ಸುತ್ತಿದರೆ ಲೂಪ್ ಸಿಕ್ಕಿದೆ ಎಂದು ದೂರು ಹೇಳಿ ಆ ಪೆಟ್ಟಿಗೆಗಳನ್ನು ಕೈಬಿಡುತ್ತದೆ. ಸಿಮೇಜರ್ ಎಂಬ ಇನ್ನೊಂದು ಧ್ವನಿ ಭಾಷೆಯವರು -> ಬಾಣವನ್ನೇ ಉಳಿಸಿಕೊಂಡು, ವಿಳಂಬವನ್ನು ಬಾಣದ ನಡುವೆಯೇ ಬರೆಯುವಂತೆ ಮಾಡಿದ್ದಾರೆ:

ಎ -> [100] -> ಬಿ

ತಂತಿ ಎಷ್ಟು ಉದ್ದ ಎಂಬುದು ಕಣ್ಣಿಗೇ ಕಾಣುವ ಈ ಬರವಣಿಗೆ ನನಗೆ ಬಹಳ ಹಿಡಿಸಿದೆ. ಫೌಸ್ಟ್‌ನ ~ ಒಳಗೆ ಅಡಗಿದ ಒಂದು ಸ್ಯಾಂಪಲ್ಲನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

ಚಿಹ್ನೆಗಳು ಹೆಚ್ಚಾದವು ಎನ್ನಿಸಿದಾಗ, ಪ್ಯೂರ್ ಡೇಟಾದ ಒಂದು ಕಡತವನ್ನು ಪಠ್ಯವಾಗಿ ತೆರೆದು ನೋಡಿ. ಪರದೆಯ ಮೇಲೆ ಕೈಯಿಂದ ಎಳೆದ ಚೆಂದದ ತಂತಿ ಅಲ್ಲಿ 0 0 1 0 ಎಂಬ ನಾಲ್ಕು ಅಂಕಿಗಳಾಗಿರುತ್ತದೆ. ಸೊನ್ನೆಯನೆಯ ಪೆಟ್ಟಿಗೆಯ ಸೊನ್ನೆಯನೆಯ ಔಟ್‌ಪುಟ್ಟಿನಿಂದ ಒಂದನೆಯ ಪೆಟ್ಟಿಗೆಯ ಸೊನ್ನೆಯನೆಯ ಇನ್‌ಪುಟ್ಟಿಗೆ ಎಂದು ಅದರ ಅರ್ಥ. ನಡುವಿನ ಒಂದು ಪೆಟ್ಟಿಗೆ ಅಳಿಸಿದರೆ ಮುಂದಿನ ಎಲ್ಲ ಪೆಟ್ಟಿಗೆಗಳ ಅಂಕಿಗಳೂ ಬದಲಾಗುತ್ತವೆ. ಅದು ಯಂತ್ರಕ್ಕೆಂದು ಇರುವ ಬರಹ, ಮನುಷ್ಯರು ತಿದ್ದುವುದಕ್ಕಲ್ಲ.

ಐದು ಚಿಹ್ನೆಗಳಿಗೂ ಒಗ್ಗದ ಜೋಡಣೆಗಳಿವೆ. ಎಡ-ಬಲಗಳನ್ನು ಅದಲುಬದಲು ಮಾಡುವುದು ಅವುಗಳಲ್ಲಿ ಸರಳವಾದದ್ದು. ಕವಲೊಡೆದು, ಬೇಡದ ತಂತಿಗಳನ್ನು ! ಚಿಹ್ನೆಯಿಂದ ಕತ್ತರಿಸಿ ಹೀಗೆ ಸಾಧಿಸಬಹುದು:

_ , _ <: ! , _ , _ , !

ಎಡ, ಬಲ, ಎಡ, ಬಲ ಎಂದು ಬಂದ ನಾಲ್ಕರಲ್ಲಿ ಮೊದಲನೆಯದೂ ಕೊನೆಯದೂ ಕಡಿದುಹೋಗಿ, ಉಳಿಯುವುದು ಬಲ, ಎಡ. ಎಂಟು ಹತ್ತು ತಂತಿಗಳಾದರೆ ಹೀಗೆ ಬರೆಯುವುದು ಶಿಕ್ಷೆ. ಅದಕ್ಕಾಗಿ ಫೌಸ್ಟ್‌ನಲ್ಲಿ ರೂಟ್ ಎಂಬ ಪೆಟ್ಟಿಗೆ ಇದೆ. ಎಷ್ಟು ಒಳಗೆ, ಎಷ್ಟು ಹೊರಗೆ ಎಂದು ಹೇಳಿ, ಆಮೇಲೆ ಯಾವುದರಿಂದ ಯಾವುದಕ್ಕೆ ಎಂದು ಜೋಡಿ ಜೋಡಿಯಾಗಿ ಅಂಕಿ ಬರೆಯುತ್ತಾ ಹೋಗುವುದು:

ರೂಟ್(2, 2, 1, 2, 2, 1)

ಪ್ಯೂರ್ ಡೇಟಾದ ಅಂಕಿಗಳನ್ನು ಈಗಷ್ಟೇ ಗೇಲಿ ಮಾಡಿ ಇಲ್ಲಿ ಅಂಕಿಗಳಿಗೇ ಮರಳಿದೆವು ಎಂದು ನಗಬೇಡಿ. ಇಲ್ಲಿ ಅವು ಒಂದೇ ಪೆಟ್ಟಿಗೆಯೊಳಗೆ ಉಳಿಯುತ್ತವೆ, ಎಣಿಕೆ ಸೊನ್ನೆಯ ಬದಲು ಒಂದರಿಂದ ಶುರುವಾಗುತ್ತದೆ. ಇಂಥ ಸಾಲು ಬರೆದ ಮೇಲೆ ಕಂಪೈಲರಿಗೆ ಎಸ್‌ವಿಜಿ (ಒಂದು ಚಿತ್ರಕಡತದ ಬಗೆ) ಆಯ್ಕೆ ಕೊಟ್ಟು ಬ್ಲಾಕ್ ಚಿತ್ರ ಬರೆಸಿ. ನಿಮ್ಮ ಫಿಲ್ಟರ್-ಡಿಲೇ ಸಾಲಿಗೂ ಒಮ್ಮೆ ಬರೆಸಿ ನೋಡಿ: ತಂತಿ ಎಲ್ಲಿ ಕವಲೊಡೆಯಿತು, ಎಲ್ಲಿ ಕೂಡಿತು ಎಂಬುದನ್ನು ಅದರಲ್ಲಿ ಬೆರಳಿಟ್ಟು ಹಿಂಬಾಲಿಸಬಹುದು.