ಕರೆದರೆ ಓಗೊಡದ ಫೋನು: ಮೊದಲು ಮೈಕ್ ಚಿತ್ರ ಒತ್ತಿ ನೋಡಿ

ಮಳೆಗಾಲ ಹಿಡಿದ ಮೇಲೆ ಶಿವಮೊಗ್ಗದ ನಮ್ಮ ರಿಪೇರಿ ಅಂಗಡಿಯಲ್ಲಿ ಒಂದು ದೂರು ಜಾಸ್ತಿಯಾಗುತ್ತದೆ. 'ಹೇ ಗೂಗಲ್ ಅಂದ್ರೆ ಮಾತೇ ಆಡಲ್ಲ ಇದು.' ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬಸ್ಸು ಹತ್ತಿ ಬಂದವರು ಫೋನನ್ನು ಟೇಬಲ್ ಮೇಲಿಟ್ಟು ನಮ್ಮೆದುರೇ ಕೂಗಿ ತೋರಿಸುತ್ತಾರೆ. ಅವರ ಫೋನು ಸುಮ್ಮನಿರುತ್ತದೆ, ಕೆಲವು ಸಲ ಪಕ್ಕದ ಗಿರಾಕಿಯ ಫೋನು ಎದ್ದು ಕೂರುತ್ತದೆ.

ಇದೆಲ್ಲ ಶೋಕಿ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಣ್ಣು ಮಂಜಾದ ಅಜ್ಜಿಗೆ 'ಮಗನಿಗೆ ಫೋನ್ ಮಾಡು' ಅಂದರೆ ಸಾಕು. ಹಸಿ ಅಡಿಕೆ ಸುಲಿಯುತ್ತ ಕೂತವರಿಗೆ ಚೊಗರು ಮೆತ್ತಿದ ಕೈಯಲ್ಲಿ ಪರದೆ ಮುಟ್ಟಲು ಆಗುವುದಿಲ್ಲ. ಬಾಯಲ್ಲಿ ಹೇಳಿದ ಕೆಲಸ ಮಾಡಿಕೊಡುವ ಫೋನಿನ ಸಹಾಯಕ, ಅಂದರೆ ಗೂಗಲ್ ಅಸಿಸ್ಟೆಂಟ್, ಕನ್ನಡ ಕಲಿತ ಮೇಲಂತೂ ಟೈಪ್ ಮಾಡಲು ಬಾರದ ಎಷ್ಟೋ ಜನರಿಗೆ ಫೋನು ನಿಜವಾಗಿ ಕೈಗೆ ಬಂತು. ಅದು ಬಾಯಿ ಮುಚ್ಚಿದರೆ ಅವರಿಗೆ ಅರ್ಧ ಫೋನೇ ಹೋದಂತೆ.

ಹಾಗಂತ ಬಂದ ಕೂಡಲೇ ಫೋನಿನಲ್ಲಿರುವುದನ್ನೆಲ್ಲ ಅಳಿಸಿ ರಿಸೆಟ್ ಮಾಡುವುದು, ಮೈಕ್ ಬದಲಿಸುವುದು ಎರಡೂ ತಪ್ಪು. ಮಾತು ಎಲ್ಲಿ ನಿಂತಿದೆ ಅಂತ ಮೊದಲು ಗೊತ್ತಾಗಬೇಕು. ನೀವು 'ಹೇ ಗೂಗಲ್' ಅಂದಾಗ ಅದನ್ನು ಕೇಳಿಸಿಕೊಳ್ಳುವುದು ಫೋನಿನ ಒಳಗೇ ಇರುವ, ಕಡಿಮೆ ಕರೆಂಟಿನಲ್ಲಿ ನಡೆಯುವ ಒಂದು ಸಣ್ಣ ವ್ಯವಸ್ಥೆ. ಅದಕ್ಕೆ ಗೊತ್ತಿರುವುದು ಆ ಕರೆ ಒಂದೇ. ಕರೆ ಕೇಳಿದ ಮೇಲೆ ಅಸಿಸ್ಟೆಂಟ್ ಎಚ್ಚರವಾಗುತ್ತದೆ. ಆಮೇಲೆ ನೀವು ಆಡಿದ ಮಾತು ಹೆಚ್ಚಾಗಿ ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರಿಗೆ ಹೋಗಿ, ಉತ್ತರವಾಗಿ ವಾಪಸ್ ಬರುತ್ತದೆ. ಕರೆ ಕೇಳುವುದು ಒಬ್ಬರು, ಉತ್ತರ ಕೊಡುವುದು ಇನ್ನೊಬ್ಬರು ಅಂದುಕೊಳ್ಳಿ.

ಆದ್ದರಿಂದ ನನ್ನ ಮೊದಲ ಪರೀಕ್ಷೆ ಒಂದೇ. ಕರೆಯಬೇಡಿ. ಗೂಗಲ್ ಹುಡುಕಾಟದ ಪಟ್ಟಿಯಲ್ಲಿರುವ ಮೈಕ್ ಚಿತ್ರ ಒತ್ತಿ, 'ಇವತ್ತು ಸಾಗರದಲ್ಲಿ ಮಳೆ ಬರುತ್ತಾ' ಅಂತ ಕೇಳಿ. ಪರದೆ ಮೇಲೆ ಕಣ್ಣಿಡಿ.

ಉತ್ತರ ಬಂತಾ? ಹಾಗಾದರೆ ಮೈಕೂ ಸರಿ, ನೆಟ್ಟೂ ಸರಿ. ಕೆಟ್ಟಿರುವುದು ಕರೆ ಕೇಳುವ ಭಾಗ ಮಾತ್ರ. ಇಲ್ಲಿ ನಾನು ಮೊದಲು ನೋಡುವುದು ಬ್ಯಾಟರಿ ಸೇವರ್. ಮಳೆಗೆ ದಿನಗಟ್ಟಲೆ ಕರೆಂಟ್ ಹೋಗುವ ಊರುಗಳಲ್ಲಿ ಜನ ಅದನ್ನು ಆನ್ ಮಾಡಿ ಹಾಗೇ ಬಿಟ್ಟಿರುತ್ತಾರೆ. ಚಾರ್ಜ್ ಉಳಿಸಲು ಫೋನು ಕರೆ ಕೇಳುವುದನ್ನೇ ನಿಲ್ಲಿಸಬಹುದು. ಅದನ್ನು ಆಫ್ ಮಾಡಿದ ಕೂಡಲೇ ಅಸಿಸ್ಟೆಂಟ್ ಎದ್ದು ಕೂತಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಅದಲ್ಲವಾದರೆ ಗೂಗಲ್ ಆ್ಯಪ್ ತೆರೆದು, ಮೂಲೆಯ ನಿಮ್ಮ ಚಿತ್ರ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ವಾಯ್ಸ್ ಮ್ಯಾಚ್ ಹುಡುಕಿ. ಅಲ್ಲಿ ದನಿಯನ್ನು ಹೊಸದಾಗಿ ಕಲಿಸಬಹುದು. ಜೋರು ಶೀತ ಆದಾಗ ಕಲಿಸಿದ್ದರೆ, ಅಥವಾ ಮೊಮ್ಮಗ ತನ್ನ ದನಿ ಕೊಟ್ಟು ಫೋನನ್ನು ಅಜ್ಜನ ಕೈಗಿಟ್ಟಿದ್ದರೆ, ಅದು ಅಜ್ಜನ ಮಾತಿಗೆ ಯಾಕೆ ಏಳುತ್ತದೆ ಹೇಳಿ?

ಈಗ ಇನ್ನೊಂದು ಗೊಂದಲ ಸೇರಿದೆ. ಹಳೆ ಅಸಿಸ್ಟೆಂಟ್ ಜಾಗಕ್ಕೆ ತನ್ನ ಹೊಸ ಎಐ ಸಹಾಯಕ ಜೆಮಿನೈ ತರುತ್ತೇವೆ ಅಂತ ಗೂಗಲ್ 2025ರ ಮಾರ್ಚ್‌ನಲ್ಲಿ ಹೇಳಿತು. ಕೆಲವರ ಫೋನಿನಲ್ಲಿ ಬದಲಾಗಿದೆ, ಕೆಲವರದರಲ್ಲಿ ಅರ್ಧಕ್ಕೇ ನಿಂತಿದೆ. ಸೆಟ್ಟಿಂಗ್ಸ್, ಆ್ಯಪ್ಸ್, ಡೀಫಾಲ್ಟ್ ಆ್ಯಪ್ಸ್‌ಗೆ ಹೋಗಿ ಡಿಜಿಟಲ್ ಅಸಿಸ್ಟೆಂಟ್ ಅನ್ನುವಲ್ಲಿ ಯಾವುದಿದೆ ನೋಡಿ. 'ಯಾವುದೂ ಇಲ್ಲ' ಅಂತ ಇದ್ದರೆ ನೀವು ಎಷ್ಟು ಕೂಗಿದರೂ ಕೇಳುವವರೇ ಇಲ್ಲ.

ಐಫೋನಿನವರಿಗೆ ಒಂದೇ ಮಾತು. ಫೋನನ್ನು ಬೋರಲಾಗಿ ಇಟ್ಟರೆ ಅದರ ಸಹಾಯಕ ಸಿರಿ ಸಾಮಾನ್ಯವಾಗಿ ಕರೆಗೆ ಏಳುವುದಿಲ್ಲ. ಅದು ಕೆಟ್ಟಿದ್ದಲ್ಲ, ಅದರ ರೀತಿಯೇ ಹಾಗೆ.

ಇನ್ನು ಎರಡನೇ ಬಗೆ. ಮೈಕ್ ಚಿತ್ರ ಒತ್ತಿದರೆ 'ಕೇಳಿಸಿಕೊಳ್ಳುತ್ತಿದ್ದೇನೆ' ಅನ್ನುತ್ತದೆ, ಆದರೆ ನೀವು ಹೇಳಿದ ಒಂದು ಅಕ್ಷರವೂ ಪರದೆ ಮೇಲೆ ಮೂಡುವುದಿಲ್ಲ. ಇದು ಕಿವುಡು. ಮಲೆನಾಡಿನಲ್ಲಿ ಇದಕ್ಕೆ ಕಾರಣಗಳು ತರಾವರಿ.

ಅಡಿಕೆ ಮರ ಹತ್ತಿ ಕೆಲಸ ಮಾಡುವ ಒಬ್ಬ ಕೊನೆಗೌಡರು ಫೋನ್ ತಂದಿದ್ದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳು.

'ಔಷಧಿ ಹೊಡೆಯುವಾಗ ಫೋನ್ ಎಲ್ಲಿತ್ತು ಮಾರಾಯ್ರೇ?'

'ಜೇಬಲ್ಲೇ ಇತ್ತಪ್ಪ. ಪ್ಲಾಸ್ಟಿಕ್ ಕೊಟ್ಟೆ ಸುತ್ತಿದ್ದೆ.'

ಬೋರ್ಡೋ ಅಂದರೆ ನೂರು ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಅದರ ಹನಿ ಒಣಗಿದರೆ ಗಟ್ಟಿ ಹಕ್ಕಳೆ. ಚಾರ್ಜಿಂಗ್ ತೂತಿನ ಪಕ್ಕದ ಸಣ್ಣ ಮೈಕ್ ತೂತು ಪೂರ್ತಿ ಮುಚ್ಚಿಹೋಗಿತ್ತು. ತೋಟಕ್ಕೆ ಹೋಗದವರ ಫೋನಿನಲ್ಲಿ ಅದೇ ಕೆಲಸವನ್ನು ಜೇಬಿನ ನೂಲು, ಎಲೆ ಅಡಿಕೆ ಪುಡಿ, ಅಳತೆ ತಪ್ಪಿದ ಅಗ್ಗದ ಪೌಚ್ ಮಾಡುತ್ತವೆ. ಮೊದಲು ಪೌಚ್ ತೆಗೆದು ನೋಡಿ. ಆಮೇಲೆ ಒಣಗಿದ ಮೆತ್ತನೆ ಹಲ್ಲುಜ್ಜುವ ಬ್ರಷ್ಷಿನಿಂದ ಮೇಲ್ಮೈಯಲ್ಲಷ್ಟೇ ಹಗುರಾಗಿ ಉಜ್ಜಿ.

ಸೂಜಿ ಮಾತ್ರ ಹಾಕಬೇಡಿ. ಸಿಮ್ ತೆಗೆಯುವ ತೂತು ಅಂದುಕೊಂಡು ಮೈಕ್ ತೂತಿಗೆ ಪಿನ್ ಚುಚ್ಚಿ, ಒಳಗಿನ ತೆಳು ಪರದೆ ಹರಿದುಕೊಂಡು ಬರುವವರು ಸಾಕಷ್ಟು ಜನ. ಪಂಕ್ಚರ್ ಅಂಗಡಿಯ ಗಾಳಿಯೂ ಬೇಡ. ಬಾಯಲ್ಲಿ ಊದಿದರೆ ಉಸಿರಿನ ತೇವ ಒಳಗೆ ಹೋಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಬೀಳುತ್ತದೆ, ತೇವ ಹೇಗೂ ಬೇಕಾದಷ್ಟಿದೆ, ನಾವೂ ಸೇರಿಸುವುದು ಯಾಕೆ!

ಒದ್ದೆಯಾದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂಳುವ ಅಭ್ಯಾಸವೂ ಬಿಡಬೇಕು. ಅಕ್ಕಿಯ ಪುಡಿ ಒಳಗೆ ಸೇರಿ ಹಾಳು ಮಾಡಬಹುದು ಅಂತ ಆಪಲ್ ಕಂಪನಿಯೇ ಹೇಳಿದೆ. ಬಚ್ಚಲ ಒಲೆಯ ಕಟ್ಟೆ ಇನ್ನೂ ಅಪಾಯ. ಶಾಖಕ್ಕೆ ಪರದೆಯ ಅಂಟು ಬಿಡುತ್ತದೆ, ಬ್ಯಾಟರಿಯೂ ಕೆಡುತ್ತದೆ. ಆಫ್ ಮಾಡಿ, ಚಾರ್ಜಿಂಗ್ ತೂತು ಕೆಳಗೆ ಬರುವಂತೆ ಒರಗಿಸಿ, ಫ್ಯಾನ್ ಗಾಳಿಗಿಡಿ. ಕರೆಂಟ್ ಇದ್ದರೆ!

ತೂತು ಚೊಕ್ಕ ಇದ್ದೂ ಕೇಳದಿದ್ದರೆ ರೆಕಾರ್ಡರ್‌ನಲ್ಲಿ ನಾಲ್ಕು ಮಾತು ರೆಕಾರ್ಡ್ ಮಾಡಿ. ಆಮೇಲೆ ಒಂದು ವಿಡಿಯೋ ತೆಗೆಯಿರಿ. ಹೆಚ್ಚಿನ ಫೋನುಗಳಲ್ಲಿ ಎರಡೋ ಮೂರೋ ಮೈಕ್ ಇರುತ್ತವೆ, ಒಂದು ಹೋದರೂ ಇನ್ನೊಂದು ಕೆಲಸ ಮಾಡುತ್ತಿರುತ್ತದೆ. 'ಫೋನಲ್ಲಿ ಮಾತಾಡಕ್ಕೆ ಆಗ್ತದಲ್ಲ, ಮತ್ತೆ ಮೈಕ್ ಹೆಂಗೆ ಹೋಗಿರ್ತದೆ?' ಅಂತ ವಾದ ಮಾಡುವವರಿಗೆ ಇದೇ ಉತ್ತರ. ರೆಕಾರ್ಡಿಂಗ್ ಎರಡೂ ಸ್ಪಷ್ಟವಾಗಿದ್ದರೆ ದೋಷ ಮೈಕಿನದಲ್ಲ, ಅನುಮತಿಯದು. ಆಂಡ್ರಾಯ್ಡ್ 12ರಿಂದ ಈಚೆಗೆ ಮೇಲಿನಿಂದ ಎಳೆಯುವ ಪಟ್ಟಿಯಲ್ಲಿ ಮೈಕನ್ನೇ ಬಂದ್ ಮಾಡುವ ಬಟನ್ ಸೇರಿಸಬಹುದು. ಟಾರ್ಚ್ ಹಾಕಲು ಹೋಗಿ ಅದನ್ನು ಒತ್ತಿದವರು ಉಂಟು. ಆದರೆ ಆಗ ರೆಕಾರ್ಡರ್ ಕೂಡ ಮೂಕ. ರೆಕಾರ್ಡರ್ ಕೇಳಿಸಿಕೊಂಡು ಅಸಿಸ್ಟೆಂಟ್ ಮಾತ್ರ ಕೇಳದಿದ್ದರೆ, ಗೂಗಲ್ ಆ್ಯಪಿನ ಪರ್ಮಿಷನ್‌ನಲ್ಲಿ ಮೈಕ್ರೋಫೋನ್ ತೆರೆದಿದೆಯಾ ನೋಡಿ.

ಬ್ಲೂಟೂತ್ ಮರೆಯಬೇಡಿ. ಸಾಗರದ ಟೀಚರ್ ಒಬ್ಬರ ಫೋನು ಮನೆಯಲ್ಲಿ ಮೂಕ, ನಮ್ಮ ಅಂಗಡಿಯಲ್ಲಿ ವಾಚಾಳಿ. ಕೊನೆಗೆ ಗೊತ್ತಾಗಿದ್ದು, ಮನೆಯಲ್ಲಿ ಅದು ಮಗಳ ಇಯರ್‌ಬಡ್ಸ್‌ಗೆ ಅಂಟಿಕೊಳ್ಳುತ್ತಿತ್ತು. ಇವರು ಅಡುಗೆಮನೆಯಲ್ಲಿ ಕೇಳಿದ್ದಕ್ಕೆ ಉತ್ತರ ಮಹಡಿ ಕೋಣೆಯಲ್ಲಿ ಬರುತ್ತಿತ್ತು.

ಮೂರನೆಯದು ಸುಲಭ. ನಿಮ್ಮ ಮಾತು ಅಕ್ಷರವಾಗಿ ಮೂಡುತ್ತದೆ, ಉತ್ತರ ಮಾತ್ರ ಸುತ್ತುತ್ತಾ ನಿಲ್ಲುತ್ತದೆ. ಅದು ನೆಟ್. ಸಿಗ್ನಲ್ ಕಡ್ಡಿ ಪೂರ್ತಿ ಇದ್ದ ಮಾತ್ರಕ್ಕೆ ನೆಟ್ ಇದೆ ಅಂತಲ್ಲ. ಕಡ್ಡಿ ಹೇಳುವುದು ಟವರಿಗೂ ಫೋನಿಗೂ ಇರುವ ಸಂಬಂಧ, ಟವರಿನಿಂದ ಆಚೆಗಿನ ದಾರಿಯನ್ನಲ್ಲ. ಬ್ರೌಸರ್‌ನಲ್ಲಿ ಹೊಸದೊಂದು ಪುಟ ತೆರೆದು ಖಚಿತ ಮಾಡಿಕೊಳ್ಳಿ. ಅದು ತೆರೆಯದಿದ್ದರೆ, ಅಥವಾ ತೆರೆದರೂ ಅಸಿಸ್ಟೆಂಟ್ ಸುಮ್ಮನಿದ್ದರೆ, ದಿನಾಂಕವನ್ನೂ ನೋಡಿ. ಗೇಮಿನಲ್ಲಿ ಲೈಫ್ ಸಿಗಲಿ ಅಂತ ಮಕ್ಕಳು ತಾರೀಕು ಮುಂದೆ ಹಾಕಿರುತ್ತಾರೆ, ತಾರೀಕು ತಪ್ಪಿದರೆ ಸರ್ವರ್ ಜೊತೆಗಿನ ಸುರಕ್ಷಿತ ಸಂಪರ್ಕವೇ ಕೂಡದೇ ಇರಬಹುದು. ಜಾಹೀರಾತು ತಡೆಯಲು ಯಾರೋ ಹಾಕಿಕೊಟ್ಟ ಪ್ರೈವೇಟ್ ಡಿಎನ್‌ಎಸ್ (ವೆಬ್ ವಿಳಾಸ ಹುಡುಕಿಕೊಡುವ ಬೇರೆ ಸರ್ವರ್) ಇದ್ದರೆ ಅದನ್ನೂ ಆಫ್ ಮಾಡಿ ನೋಡಿ.

ಉತ್ತರ ಅಕ್ಷರದಲ್ಲಿ ಬಂದು ದನಿ ಮಾತ್ರ ಇಲ್ಲದಿದ್ದರೆ ಮೀಡಿಯಾ ವಾಲ್ಯೂಮ್ ಏರಿಸಿ. ರಿಂಗ್ ವಾಲ್ಯೂಮ್ ಬೇರೆ, ಇದು ಬೇರೆ.

ಇಷ್ಟಾದರೂ ಬಗ್ಗದಿದ್ದರೆ ಫೋನಿನಲ್ಲಿ ಖಾಲಿ ಜಾಗ ಎಷ್ಟಿದೆ ನೋಡಿ. ಶುಭೋದಯದ ಚಿತ್ರಗಳೇ ತುಂಬಿ ಅಪ್‌ಡೇಟಿಗೆ ಜಾಗ ಇಲ್ಲದ ಫೋನುಗಳು ದಿನಾ ಬರುತ್ತವೆ. ಜಾಗ ಮಾಡಿ, ಗೂಗಲ್ ಆ್ಯಪಿನ ಕ್ಯಾಶ್ (ಆ್ಯಪ್ ತಾತ್ಕಾಲಿಕವಾಗಿ ಕೂಡಿಟ್ಟುಕೊಂಡ ಮಾಹಿತಿ) ತೆಗೆದು, ಅಪ್‌ಡೇಟ್ ಮಾಡಿ, ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಮೈಕ್ ನಿಜವಾಗಿ ಹೋಗಿದ್ದರೆ ಗಾಬರಿ ಬೇಡ. ತುಂಬಾ ಮಾಡೆಲ್‌ಗಳಲ್ಲಿ ಕೆಳಗಿನ ಮೈಕ್ ಚಾರ್ಜಿಂಗ್ ಬೋರ್ಡಿನ ಮೇಲೇ ಇರುತ್ತದೆ, ಆ ಬೋರ್ಡ್ ಬದಲಿಸಿದರೆ ಆಯಿತು. ಮೇನ್ ಬೋರ್ಡಿನ ಮೈಕಾದರೆ ಬೆಸುಗೆ ಕೆಲಸ, ಖರ್ಚು ಜಾಸ್ತಿ. ಯಾವುದು ಅಂತ ಬಿಚ್ಚುವ ಮೊದಲೇ ಕೇಳಿ. ಅಂಗಡಿಯವರು 'ರಿಸೆಟ್ ಮಾಡಿಬಿಡೋಣ' ಅಂದರೆ ವಾಟ್ಸಾಪ್ ಬ್ಯಾಕಪ್ ಆಗಿದೆಯಾ, ಜಿಮೇಲ್ ಪಾಸ್‌ವರ್ಡ್ ನೆನಪಿದೆಯಾ ಅಂತ ನೋಡಿಕೊಂಡೇ ಹೂಂ ಅನ್ನಿ. ಆ ಪಾಸ್‌ವರ್ಡ್ ಬೆಂಗಳೂರಿನಲ್ಲಿರುವ ಮಗನಿಗೆ ಮಾತ್ರ ಗೊತ್ತಿದ್ದರೆ, ಮೊದಲು ಅವನಿಗೊಂದು ಫೋನ್ ಮಾಡಿ.