ಇಲಿಗೆ ಫಲಿಸಿದ ಮದ್ದು ಮನುಷ್ಯನಿಗೇಕೆ ಫಲಿಸಲಿಲ್ಲ?

ಪಾರ್ಶ್ವವಾಯುವಿನಿಂದ ಮಿದುಳನ್ನು ಕಾಪಾಡುತ್ತದೆಂದು ನಂಬಿದ್ದ ಎನ್‌ಎಕ್ಸ್‌ವೈ-059 ಎಂಬ ಔಷಧ 2007ರಲ್ಲಿ ಸೋತಿತು. ಪ್ರಾಣಿಗಳಲ್ಲಿ ಅದು ಗೆದ್ದಿತ್ತು, ರೋಗಿಗಳ ಮೊದಲ ದೊಡ್ಡ ಪರೀಕ್ಷೆಯಲ್ಲೂ ಆಸೆ ಹುಟ್ಟಿಸಿತ್ತು. ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಎರಡನೆಯ ಪರೀಕ್ಷೆಯಲ್ಲಿ ಮಾತ್ರ ಪ್ರಯೋಜನವೇ ಕಾಣಲಿಲ್ಲ. ಅದು ಒಂಟಿ ಸೋಲೂ ಅಲ್ಲ. ಹಿಂದಿನ ವರ್ಷವಷ್ಟೇ ಪ್ರಕಟವಾಗಿದ್ದ ಸಮೀಕ್ಷೆಯೊಂದು ಪಾರ್ಶ್ವವಾಯುವಿಗೆಂದು ಪ್ರಯೋಗಿಸಿದ 1,026 ಚಿಕಿತ್ಸೆಗಳನ್ನು ಪಟ್ಟಿ ಮಾಡಿತ್ತು; ರೋಗಿಗಳಿಗೆ ಫಲಿಸಿದ್ದು ತೀರ ವಿರಳ.

ಈ ಪ್ರಯೋಗಗಳಲ್ಲಿ ಬಹಳಷ್ಟಕ್ಕೆ ಆಧಾರ ಒಂದು ನೈಲಾನ್ ಎಳೆ. ಅದರಿಂದ ಪಾರ್ಶ್ವವಾಯು ಉಂಟುಮಾಡುವುದು ಜಪಾನಿನ ಸಂಶೋಧಕ ಕೊಯಿಜುಮಿ 1986ರಲ್ಲಿ ಹೆಗ್ಗಣಜಾತಿಯ ಇಲಿಗಳಲ್ಲಿ ತೋರಿಸಿದ ವಿಧಾನ. ಚಿಕ್ಕ ಇಲಿಯಲ್ಲಿ ವಂಶವಾಹಿಗಳನ್ನು ಬೇಕಾದಂತೆ ತೆಗೆದುಹಾಕುವುದು ಸಾಧ್ಯವಾದ ಮೇಲೆ, 1990ರ ದಶಕದಲ್ಲಿ, ಆ ವಿಧಾನ ಅದಕ್ಕೂ ಬಂತು. ಸುಮಾರು 25 ಗ್ರಾಂ ತೂಗುವ ಇಲಿಗೆ ಅರಿವಳಿಕೆ ಕೊಟ್ಟು, ಸೂಕ್ಷ್ಮದರ್ಶಕದಡಿ ಕತ್ತಿನ ಅಪಧಮನಿಯೊಳಗೆ ಸಿಲಿಕೋನ್ ತುದಿಯ ಎಳೆಯನ್ನು ತೂರಿಸುತ್ತಾರೆ. ಅದು ಮಿದುಳಿನ ಮುಖ್ಯ ರಕ್ತನಾಳದ ಬಾಯಿಗೆ ಅಡ್ಡ ನಿಲ್ಲುತ್ತದೆ. ಸಾಮಾನ್ಯವಾಗಿ ಒಂದು ತಾಸಿನೊಳಗೆ ಎಳೆಯನ್ನು ಹೊರತೆಗೆಯುತ್ತಾರೆ. ಮರುದಿನ ಮಿದುಳಿನ ಬಿಲ್ಲೆಗಳನ್ನು ಬಣ್ಣದ ದ್ರಾವಣದಲ್ಲಿ ಅದ್ದಿದರೆ ಜೀವಂತ ಭಾಗ ಕೆಂಪಾಗುತ್ತದೆ, ಸತ್ತ ಭಾಗ ಬಿಳಿಯಾಗಿಯೇ ಉಳಿಯುತ್ತದೆ. ಬಿಳಿ ಕಿರಿದಾದಷ್ಟೂ ಮದ್ದಿಗೆ ಹೆಚ್ಚು ಅಂಕ.

ಆದರೆ ಆ ಇಲಿ ಯಾರು? ಹೆಚ್ಚಾಗಿ ಎಳೆ ಪ್ರಾಯದ, ರೋಗವಿಲ್ಲದ ಗಂಡು. ನಮ್ಮ ಆಸ್ಪತ್ರೆಗಳಿಗೆ ಬರುವವರಲ್ಲಿ ಬಹುಪಾಲು ರಕ್ತದೊತ್ತಡ, ಸಕ್ಕರೆ ಕಾಯಿಲೆ ಹೊತ್ತ ಹಿರಿಯರು, ಅದೂ ಎಷ್ಟೋ ತಾಸು ತಡವಾಗಿ. ಇಲಿಗೆ ಎಷ್ಟೋ ಸಲ ಮಿದುಳಿಗೆ ಹರಿಯುವ ರಕ್ತ ನಿಲ್ಲುವ ಮೊದಲೇ ಮದ್ದು ಕೊಟ್ಟಿರುತ್ತಿದ್ದರು. ಯಾವ ಇಲಿಗೆ ಮದ್ದು ಸಿಕ್ಕಿದೆ ಎಂಬುದು ಅಳೆಯುವವರಿಗೇ ಗೊತ್ತಿರುತ್ತಿದ್ದುದೂ ಉಂಟು. ಇಲಿಯ ಮಿದುಳು ನುಣುಪು, ಅದರಲ್ಲಿ ಬಿಳಿ ದ್ರವ್ಯ, ಅಂದರೆ ನರತಂತುಗಳ ಭಾಗ, ಕಡಿಮೆ ಎಂಬುದು ನಿಜವೇ. ಆದರೂ ದೊಡ್ಡ ತಪ್ಪು ನಮ್ಮ ಅವಸರದ್ದು ಎಂದೇ ನನ್ನ ನಂಬಿಕೆ. ಇಷ್ಟು ಜೀವಗಳನ್ನು ಬಳಸಿ ಅರ್ಧ ಪ್ರಶ್ನೆ ಕೇಳುವುದು ಅನ್ಯಾಯ.

ಪ್ರಾಣಿ ಪ್ರಯೋಗವೇ ವ್ಯರ್ಥ ಎನ್ನಲಾಗದು. ರಕ್ತದ ಹೆಪ್ಪು ಕರಗಿಸುವ ಟಿಪಿಎ 1985ರಲ್ಲಿ ಮೊಲಗಳಲ್ಲಿ ಫಲ ಕೊಟ್ಟಿತು. ಮೂರು ತಾಸಿನೊಳಗೆ ಕೊಟ್ಟರೆ ಮನುಷ್ಯರಿಗೂ ಉಪಕಾರವೆಂದು 1995ರಲ್ಲಿ ಸಾಬೀತಾಯಿತು.

ಪ್ರಯೋಗ ಹೇಗಿರಬೇಕೆಂದು 1999ರಲ್ಲೇ ತಜ್ಞರು ನಿಯಮ ಬರೆದಿದ್ದರು. ಅವನ್ನು ದೊಡ್ಡ ಮಟ್ಟದಲ್ಲಿ ಆಚರಣೆಗೆ ತಂದದ್ದು ಅಮೆರಿಕದ ಸ್ಪ್ಯಾನ್ ಎಂಬ ಸಂಶೋಧನಾ ಜಾಲ: ಹಲವು ಪ್ರಯೋಗಾಲಯಗಳು, ಆರು ಚಿಕಿತ್ಸೆಗಳು, ಮುದಿ ಇಲಿ, ಬೊಜ್ಜಿನ ಇಲಿ, ರಕ್ತದೊತ್ತಡದ ಇಲಿ, ಹೆಣ್ಣು ಇಲಿ. 2023ರಲ್ಲಿ ಫಲಿತಾಂಶ ಬಂದಾಗ ಕೊನೆಯವರೆಗೆ ಉಳಿದದ್ದು ಯೂರಿಕ್ ಆಮ್ಲ ಒಂದೇ. ಸ್ಪೇನಿನ ರೋಗಿಗಳಲ್ಲಿ ನಡೆದ, 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದೇ ಆಮ್ಲ ಖಚಿತ ಫಲ ಕೊಟ್ಟಿರಲಿಲ್ಲ.